ಕೋಟು ಕಾಯುವವಳು

ಸಿನಿಮಾ ನಾನು ನೋಡಿಲ್ಲ.
ಹನ್ನೊಂದು ರಾತ್ರಿ ಗೋಡೆಯಾಚೆಯಿಂದ ಕೇಳಿದ್ದೇನೆ.
ನನ್ನದು ಕಿಟಕಿಯ ಕೆಲಸ:
ಒದ್ದೆ ಕೋಟು ಒಳಗೆ, ಹಿತ್ತಾಳೆ ಬಿಲ್ಲೆ ಹೊರಗೆ,
ಆಟ ಬಿಟ್ಟ ಮೇಲೆ ಬಿಲ್ಲೆ ಒಳಗೆ, ಕೋಟು ಹೊರಗೆ.
ಜೊತೆಗೆ ಒಂದೊಂದು ಅಭಿಪ್ರಾಯ,
ಕೇಳದೆಯೇ ಕೈಗೆ ಬೀಳುವ ಚಿಲ್ಲರೆ.

ಕತೆ ಪೋಸ್ಟರಿನಲ್ಲೇ ಇದೆ.
ಸ್ಯಾಕ್ಸನಿಯ ಸಣ್ಣೂರು, ಐವರು ಬೋಳುತಲೆಯವರು,
ದೇಶ ಉಳಿಸಲು ಹೊರಟಿದ್ದಾರೆ.
ಬ್ಯಾನರಿನಲ್ಲಿ ದೇಶದ ಹೆಸರನ್ನೇ ತಪ್ಪು ಬರೆಯುತ್ತಾರೆ:
ಹನ್ನೆರಡನೆಯ ನಿಮಿಷ, ಮೊದಲ ನಗು.
ಕೈ ಚಾಚಿ ವಂದನೆ ಕಲಿಯುವಾಗ
ಸೂರಿನ ದೀಪದ ಬುರುಡೆ ಚೂರು: ಎರಡನೆಯದು, ಇನ್ನೂ ಜೋರು.
ನಲವತ್ತನೆಯ ನಿಮಿಷಕ್ಕೆ ಕಡ್ಡಿ.
ಸೀಸೆಗೆ ಬತ್ತಿ ತುರುಕಿ, ಕತ್ತಲಲ್ಲಿ ಗೀರುತ್ತಾರೆ, ಹತ್ತುವುದಿಲ್ಲ,
ಇನ್ನೊಂದು ಗೀರುತ್ತಾರೆ, ಒಬ್ಬರನ್ನೊಬ್ಬರು ಬೈಯುತ್ತಾರೆ.
ಆಗ ಸಭೆಯೇ ಹೊಟ್ಟೆ ಹಿಡಿದುಕೊಳ್ಳುತ್ತದೆ,
ನನ್ನ ಕಿಟಕಿಯ ಗಾಜು ಗುಂಯ್ ಅನ್ನುತ್ತದೆ,
ಮೊಳೆಯಲ್ಲಿ ಬಿಲ್ಲೆಗಳು ನಡುಗುತ್ತವೆ.

"ನಗಬಾರದಿತ್ತು" ಅಂದರು
ಇತಿಹಾಸ ಕಲಿಸಿ ನಿವೃತ್ತರಾದ ವಿಟಿಶ್ ಮೇಡಂ, ಕಣ್ಣೊರೆಸಿಕೊಳ್ಳುತ್ತ.
ನಗೆಯ ನೀರೇ ಅದು.
"ಪೆದ್ದರೆಂದು ತೋರಿಸಿದರೆ ಹೆದರುವವರಾರು?
ನಮ್ಮಪ್ಪನ ಕಾಲದಲ್ಲೂ ಮೊದಲು ಪೆದ್ದರೇ ಬಂದದ್ದು."

ಬ್ರೆಡ್ಡಂಗಡಿ ಟೀಲೋಗೆ ಸಿಟ್ಟು.
"ಕೋಡಂಗಿ ಬೇಕೆಂದರೆ ನಮ್ಮೂರೇ ಆಗಬೇಕೆ?
ಬರ್ಲಿನ್ನಿನವರಿಗೆ ನಾವು ಯಾವತ್ತೂ ಇಷ್ಟೇ."
ಅನ್ನುತ್ತ ಒಂದು ತೋಳು ತೂರಿಸಿ
ಇನ್ನೊಂದು ತೋಳು ಸಿಗದೆ ಸುತ್ತಿದ,
ಬಾಲ ಹಿಡಿಯಹೊರಟ ನಾಯಿಯ ಹಾಗೆ.
ಎರಡು ಸಲ ನೋಡಿದ ಹುಡುಗಿಯೊಬ್ಬಳು
ಇನ್ನಷ್ಟು ಕಹಿ ಇರಬೇಕಿತ್ತು ಅಂದಳು,
ಕಾಫಿಯ ವಿಷಯ ಹೇಳಿದ ಹಾಗೆ.
ಒಬ್ಬ ನಡುವೆಯೇ ಎದ್ದು ಬಂದ.
ಕತ್ತಿನ ಹಚ್ಚೆ ಮುಚ್ಚುವಷ್ಟು ಕಾಲರ್ ಎತ್ತಿ,
ತುಟಿ ಬಿಚ್ಚದೆ, ನನಗೆ ಎರಡು ಯೂರೋ ಬಿಟ್ಟು ಹೋದ.
ಅದೂ ಒಂದು ವಿಮರ್ಶೆಯೇ ಇರಬೇಕು.

ನಿನ್ನೆ ಹೂವಿನಂಗಡಿಯ ಥೋವಾ ಬಂದಳು, ಒಬ್ಬಳೇ.
ನಲವತ್ತನೆಯ ನಿಮಿಷಕ್ಕೆ ಗಾಜು ಗುಂಯ್ ಅಂದಿತು.
ಎಲ್ಲರ ನಗು ತಣ್ಣಗಾದ ಮೇಲೂ
ಒಂದು ನಗು ಮುಂದುವರಿಯಿತು,
ತಡೆತಡೆದು, ಲೆಕ್ಕ ಹಾಕುವವರ ಹಾಗೆ.

ಬಿಲ್ಲೆ ನಲವತ್ತೆಂಟು. ಹಸಿರು ಕೋಟು.
"ಚೆನ್ನಾಗಿದೆ" ಅಂದಳು. "ಒಂದು ತಪ್ಪು ಬಿಟ್ಟರೆ.
ಇದರಲ್ಲಿ ಅವರು ಗೀರುವುದು ಮೂರೇ ಕಡ್ಡಿ.
ಗೋಡೆ ಬಿದ್ದ ಎರಡನೆಯ ವರ್ಷ,
ಗಿರಣಿ ಹಾಸ್ಟೆಲಿನ ಪರದೆ ಹಿಂದೆ ನಿಂತು ನಾನೇ ಎಣಿಸಿದ್ದೆ.
ಏಳು.
ಅಕ್ಕ ದೇವರನ್ನು ಕರೆಯುತ್ತಿದ್ದಳು, ನನಗೆ ನಗು.
ಎಂಥ ದಡ್ಡರಪ್ಪ, ಕಡ್ಡಿ ಗೀರಲೂ ಬಾರದವರು!
ಎಂಟನೆಯದು ಹತ್ತಿತು."

ನನ್ನ ತಮ್ಮ ಯೋರ್ನನಿಗೆ ಆಗ ಹದಿನೇಳು.
ಆ ಸಂಜೆ ಅಡುಗೆಮನೆಗೆ ಬಂದು
ಕಡ್ಡಿಪೆಟ್ಟಿಗೆ ಕೊಡೇ ಅಂದ, ಸಿಗರೇಟಿಗೆ ಅಂದ.
ಬೂಟಿನ ದಾರ ಕಟ್ಟಿರಲಿಲ್ಲ.
ನಲ್ಲಿಯ ಪಕ್ಕ ಇದ್ದದ್ದನ್ನು ಕೊಟ್ಟೆ, ತೇವ ಹಿಡಿದದ್ದನ್ನು.
ಗೊತ್ತಿದ್ದೇ ಕೊಟ್ಟೆನೋ,
ಕೈಗೆ ಸಿಕ್ಕಿದ್ದನ್ನು ಕೊಟ್ಟೆನೋ,
ಮೂವತ್ತು ವರ್ಷದಿಂದ
ಒಂದೊಂದು ರಾತ್ರಿ ಒಂದೊಂದು ಉತ್ತರ.

"ನೀವು ನೋಡಿದಿರಾ?" ಕೇಳಿದಳು.
ಇಲ್ಲ ಅಂದೆ.
"ನೋಡಿ. ನಗು ಬರುತ್ತೆ."
ಕಿಟಕಿ ದಾಟಿ ಹೊರಬಂದು
ಕೋಟಿನ ಎರಡೂ ತೋಳು ಹಿಡಿದು ತೊಡಿಸಿದೆ.
ಅದು ನನ್ನ ಕೆಲಸವಲ್ಲ.
ಅವಳು ಕತ್ತು ಹೊರಳಿಸಿ ನೋಡಿದಳು, ಏನೂ ಕೇಳಲಿಲ್ಲ.
ಅವಳು ಹೋದ ಮೇಲೂ ನಲವತ್ತೆಂಟು
ನನ್ನ ಅಂಗೈಯಲ್ಲೇ ಇತ್ತು, ಬೆಚ್ಚಗೆ.

ಇವತ್ತು ಕಡೆಯ ಆಟ.
ಹಿಂದಿನ ಸಾಲಲ್ಲಿ ಒಂದು ಸೀಟು ನಿನಗೆ ಬಿಟ್ಟಿ
ಅಂದ ಟಿಕೆಟಿನವನು.
ಕೋಟು ಯಾರು ಕಾಯಬೇಕು, ಅಂದೆ.