ಒಂದು ಪಾಲು ಹೆಚ್ಚು

ಪೇಪರಿನವರು ಬಂದು ಕೇಳಿದರು:
ಚಿಕ್ಕಂದಿನಲ್ಲಿ ಹೇಗಿದ್ದಳು ಮಂದಾಕಿನಿ ದುರ್ಗೇಕರ?
ನಾನೇನು ಹೇಳಲಿ. ಬೈತಖೋಲ ಬಂದರಿನ ಸೊಸೈಟಿಯಲ್ಲಿ
ಮೂವತ್ತೊಂದು ವರ್ಷ ಐಸಿನ ಲೆಕ್ಕ ಬರೆದವನು,
ನೆನಪಿರುವುದೆಲ್ಲ ಕಿಲೋದಲ್ಲಿ.

ಮೂಗು ಸೋರುತ್ತಿತ್ತು, ಬರೆದುಕೊಳ್ಳಿ.
ಬಂಗಡೆ ಬುಟ್ಟಿಯ ತೂಕ
ತಕ್ಕಡಿಗಿಂತ ಮೊದಲೇ ಹೇಳುತ್ತಿದ್ದಳು.
ಇಸವಣಕ್ಕೆ ತಪ್ಪುತ್ತಿದ್ದಳು, ಅದನ್ನೂ ಬರೆದುಕೊಳ್ಳಿ.
ಬರೆದುಕೊಳ್ಳಲಿಲ್ಲ.

ಸರಕಾರ ಕಳಿಸಿದ ಕಂಪ್ಯೂಟರು
ಪ್ಲಾಸ್ಟಿಕ್ ಹೊದ್ದು ಎರಡು ವರ್ಷ ಮಲಗಿತ್ತು,
ಅದರ ತಲೆಗೆ ಅಧ್ಯಕ್ಷರ ಟೋಪಿ.
ಟೋಪಿ ತೆಗೆದವಳು ಅವಳು.
ಬೋಟುಗಳೆಲ್ಲ ದಡದಲ್ಲಿ ಗರಿ ಹೊದ್ದ ಆಷಾಢ.
ಒಂದು ಕೀಲಿ ಒತ್ತಿ ಕಾಯುತ್ತಿದ್ದಳು
ಉಬ್ಬರ ಕಾದ ಹಾಗೆ.
ಯಂತ್ರ ಮಂದ, ಹುಡುಗಿ ಮಂದಾ, ಎಂದು ನಗುತ್ತಿದ್ದೆ.

ಏನು ಬರೀತಿ? ಅಂದೆ.
ರಾಂಪಣಿಯ ಪಾಲು, ಅಂದಳು.
ಹಾಗಾದರೆ ಕೇಳು.
ಬಲೆಗೆ ಇಷ್ಟು, ದೋಣಿಗೆ ಇಷ್ಟು,
ಹಗ್ಗ ಎಳೆದ ಕೈಗೆ ಇಷ್ಟು,
ಜ್ವರ ಬಂದು ಮಲಗಿದವನಿಗೂ ಅಷ್ಟೇ,
ಕಡಲು ಇಟ್ಟುಕೊಂಡವನ ಹೆಂಡತಿಗೆ
ಮಗ ಹಗ್ಗ ಹಿಡಿಯುವ ತನಕ.
ದೇವರಿಗೆ?
ದೇವರಿಗೆ ಕೊನೆಗೆ. ಕಾಗೆಗೆ ಲೆಕ್ಕವಿಲ್ಲ.

ಗರಗರ ಅಚ್ಚಾಗಿ ಬಂತು ಮೊದಲ ಕಾಗದ:
ನಲವತ್ತೆರಡು ಮಂದಿ, ನಲವತ್ತಮೂರು ಪಾಲು.
ಪೆನ್ಸಿಲಿನಲ್ಲಿ ಮೂರು ಸಲ ಕೂಡಿಸಿದೆ.
ತಪ್ಪಿದೆ ತಂಗೀ.
ತಪ್ಪಿಲ್ಲ ಮಾಮಾ,
ಕೊನೆಗೆ ಓಡಿ ಬಂದು ಹಗ್ಗ ಮುಟ್ಟುವವನೊಬ್ಬ ಇರುತ್ತಾನಲ್ಲ.

ಆಮೇಲಿನದು ನಿಮಗೇ ಗೊತ್ತು.
ಕೋಡಿಬಾಗದಲ್ಲಿ ಬಾಡಿಗೆ ಕೋಣೆ, ಕೆಳಗೆ ಡೀಸೆಲ್ ಪಂಪಿನ ರಿಪೇರಿ,
ಮೇಲೆ ಮೂವರು ಹುಡುಗಿಯರು, ಒಂದು ಫ್ಯಾನು.
ಮೀನಿಗೆ ಯಾಕಮ್ಮ ಸಾಫ್ಟ್‌ವೇರು, ಅಂದ ಬ್ಯಾಂಕಿನವನು
ಈಗ ಅವಳ ಜೊತೆಗಿನ ಫೋಟೋ ಗೋಡೆಗೆ ಹಾಕಿದ್ದಾನೆ.
ಮಲ್ಪೆಯಿಂದ ರತ್ನಾಗಿರಿಯ ತನಕ
ಹರಾಜು ಕೂಗುವುದು ಅವಳ ಪರದೆ.
ನಾರ್ವೆಯವರು ಕಾಳಿ ಸೇತುವೆ ದಾಟಿ ಬಂದು
ಬೂಟು ಕೈಯಲ್ಲಿ ಹಿಡಿದು ಮರಳ ಮೇಲೆ ನಡೆದರು.
ಕಂಪನಿಯ ಬೆಲೆ ಎಷ್ಟೋ ಕೋಟಿ;
ನನ್ನ ಲೆಡ್ಜರಿನಲ್ಲಿ ಆ ಅಂಕಿಗೆ ಮನೆ ಸಾಲದು.

ಹಣ ಹಾಕಿದವರ ಕಡೆಯ ಪರೀಕ್ಷಕನೊಬ್ಬ
ಲಕ್ಷ ಸಾಲು ಸೋಸಿ ಹಿಡಿದನಂತೆ:
ಇಲ್ಲಿ ಒಂದು ಹೆಚ್ಚಾಗುತ್ತದೆ, ತೆಗೆದುಬಿಡೋಣ.
ಇವಳು ಎದ್ದು ಕಿಟಕಿ ತೆರೆದಳಂತೆ,
ತೆಗೆದರೆ ನನ್ನನ್ನೂ ತೆಗೆಯಿರಿ, ಅಂದಳಂತೆ.
ಅಂತೆ-ಕಂತೆ. ನಾನು ಅಲ್ಲಿರಲಿಲ್ಲ.

ನಿನ್ನೆ ರಂಗಮಂದಿರದಲ್ಲಿ ಶಾಲು, ಹಣ್ಣಿನ ಬುಟ್ಟಿ,
ಜಿಲ್ಲೆಯ ಹೆಮ್ಮೆ ಎಂದು ಮೈಕಿನಲ್ಲಿ ಹದಿನಾಲ್ಕು ಸಲ.
ಎಣಿಸುವುದು ಚಟ.
ಬುಟ್ಟಿ ಮೂರೂವರೆ ಕಿಲೋ ಇರಬೇಕು, ಹುಲ್ಲು ಸೇರಿ.
ಭಾಷಣ ಮುಗಿಯುವ ಮೊದಲೇ ಎದ್ದು ಬಂದೆ, ಮಂಡಿ ನೋವು.

ಇವತ್ತು ಬೆಳಿಗ್ಗೆ ದಂಡೆಯಲ್ಲಿ ಬಲೆ ಎಳೆಯುತ್ತಿದ್ದರು.
ನಾನು ಹೋಗುವಾಗ ಹೆಚ್ಚುಕಮ್ಮಿ ಮುಗಿದಿತ್ತು.
ಎರಡು ಬೆರಳಲ್ಲಿ ಹಗ್ಗ ಮುಟ್ಟಿದೆ, ನಾಚಿಕೆಯಿಂದ.
ಪಾಲು ಹಾಕುವ ಹುಡುಗ
ಒದ್ದೆ ಕೈ ಚಡ್ಡಿಗೆ ಒರೆಸಿ ಮೊಬೈಲು ನೋಡಿದ,
ನನ್ನ ಮುಖ ನೋಡಲಿಲ್ಲ,
ಚೀಲಕ್ಕೆ ಹಾಕಿದ.

ಆರು ಬಂಗಡೆ.
ಒಂದು ಸಣ್ಣದು.