ಎಣಿಕೆ

"ಬಿಳಿಯದ್ದಾ, ಕಂದಾ?" ಕೇಳಿದರು ನರ್ಸಮ್ಮ,
ಮಾತ್ರೆ ಹಾಳೆಯನ್ನು ಟ್ಯೂಬ್‌ಲೈಟಿಗೆ ಹಿಡಿದು.
ಕಂದ ನನ್ನ ತೊಡೆಯ ಮೇಲೆ ತುಟಿ ಚಪ್ಪರಿಸುತ್ತಿತ್ತು.

ಬಿಳಿಯದ್ದೇ. ಆರು.
ನಿನ್ನೆ ರಾತ್ರಿ ನುಂಗಿದ್ದು ಒಂಬತ್ತನೆಯದು,
ಈಗ ಹದಿನೈದು ಗುಳಿ ಖಾಲಿ.
ಈ ಲೆಕ್ಕ ತಪ್ಪುವವಳಲ್ಲ ನಾನು.
ಎರಡು ವರ್ಷ, ಸಾಸಿವೆ ಡಬ್ಬಿಯ ತಳದಿಂದ ತೆಗೆದು
ಹಾಳೆ ಚಿಟ್ಟೆನ್ನದ ಹಾಗೆ ಒತ್ತಿ,
ನೀರಿಲ್ಲದೆ ನುಂಗಿದ ಲೆಕ್ಕ.

"ಕಂದು ಏಳೂ ಇವೆ, ಬಚಾವು.
ಅದು ಕಬ್ಬಿಣದ್ದು, ಮಕ್ಕಳಿಗೆ ಕಷ್ಟ.
ಇದಕ್ಕೆ ವಾಂತಿ ಆದರೆ ಆಗಲಿ, ನೀವಾಗಿ ಮಾಡಿಸಬೇಡಿ.
ಡಾಕ್ಟರು ನೋಡ್ತಾರೆ, ಬೆಳಗಿನ ತನಕ ಇರಿ."

ಬೆಂಚಿನ ತುದಿಯಲ್ಲಿ ಅತ್ತೆ,
ಗಂಡು ಮೊಮ್ಮಗು ಬೇಕೆಂದು
ಹುಣ್ಣಿಮೆ ಹುಣ್ಣಿಮೆಗೂ ಜೇನುಕಲ್ಲು ಬೆಟ್ಟ ಹತ್ತಿದವರು.
ನರ್ಸಮ್ಮನ ಒಂದೊಂದು ಮಾತೂ ಕೇಳಿಸಿಕೊಂಡರು.
ಅರಸೀಕೆರೆ ಸ್ಟೇಷನ್ನಿನ ಕಡೆ ಗೂಡ್ಸ್ ಗಾಡಿಯೊಂದು
ಮುಗಿಯದ ಹಾಗೆ ಹೋಗುತ್ತಲೇ ಇತ್ತು.

ಮೂರು ಗಂಟೆಗೆ ಇಂಪನ ಒಮ್ಮೆ ಕಕ್ಕಿ
ನಿದ್ದೆಹೋದಳು.
ಅತ್ತೆ ಸೆರಗಲ್ಲಿ ಅವಳ ಬಾಯೊರೆಸಿದರು,
ಹಾಳೆಯನ್ನು ಮಡಚಿ ನನ್ನ ಅಂಗೈಗಿಟ್ಟರು.

"ಸಾಸಿವೆ ಡಬ್ಬಿ ಅವಳಿಗೆ ಎಟುಕುತ್ತೆ ಕಣೇ.
ದೀಪಾವಳಿಯಿಂದ ಹೇಳೋಣ ಹೇಳೋಣ ಅಂತಲೇ ಇದ್ದೆ."
ಆಮೇಲೆ, ನನ್ನ ಮುಖ ನೋಡದೆ,
"ಇವತ್ತಿನದು ತಗೊಂಡ್ಯಾ?"