ಅಂಚುಪಟ್ಟಿ

ರಸಮಟ್ಟ ಇಲ್ಲಿ ಕೆಲಸಕ್ಕೆ ಬರುವುದಿಲ್ಲ.
ಹಾಯಿದೋಣಿಯ ಮೈಯಲ್ಲಿ
ನೇರವೆಂಬುದು ಒಂದು ಗೇಣೂ ಇಲ್ಲ.
ಸಾಗರದಲ್ಲಿ ನಲವತ್ತು ವರ್ಷ ಬಾಗಿಲು ಕೂರಿಸಿದವನು
ಶರಾವತಿ ಹಿನ್ನೀರಿನ ದಡದಲ್ಲಿ
ಮೂಲೆಮಟ್ಟ ಹಿಡಿದು ಸುಮ್ಮನೆ ನಿಂತೆ.

ಫೈಬರ್ ಇನ್ನೂ ಗಟ್ಟಿ,
ಬಡಿದರೆ ಸೋರೆಬುರುಡೆಯ ಸದ್ದು.
ಕೊಳೆತದ್ದು ಅಂಚಿನ ತೇಗವೊಂದೇ.
ಹಳೆ ತಿರುಪುಗಳು ಬಿಚ್ಚಲೊಲ್ಲವು;
ಒಂದರ ತಲೆ ಮುರಿಯಿತು, ತೂತಿನಿಂದ
ಚಹಾದ ಬಣ್ಣದ ನೀರು ಇಳಿಯಿತು,
ಯಾವ ವರ್ಷದ ಮಳೆಯೋ.

ತಾಳಗುಪ್ಪದ ಮಿಲ್ಲಿನಿಂದ ಹೊಸ ಪಟ್ಟಿ ಬಂತು,
ಅದಕ್ಕೆ ಬಾಗುವುದು ಕಲಿಸಬೇಕು.
ಲವೀನಾ ಟೀಚರ ಬಚ್ಚಲ ಹಂಡೆಗೆ
ತಗಡಿನ ಕೊಳವೆ ಸಿಕ್ಕಿಸಿ ಒಂದು ಗಂಟೆ ಹಬೆ.
ಕಡುಬು ಬೆಂದಂತೆ ಮರ ಬೆಂದಿತು.
ಆಮೇಲೆ ಓಡು! ಆ ತುದಿ ಮುನೀರ, ಈ ತುದಿ ನಾನು,
ಕೈಗೆ ಗೋಣಿತಾಟು,
ನೂರು ಎಣಿಸುವುದರೊಳಗೆ ಬಾಗಿದರೆ ಬಾಗಿತು.
ಅರವತ್ತೆಂಟಕ್ಕೆ ಚಿಟ್ ಎಂದಿತು.
ಮೊದಲನೆಯದು ಒಲೆಗೆ.

ಎರಡನೆಯದು ಮೂತಿಯ ತಿರುವಿನಲ್ಲಿ
ತುಸು ಯೋಚಿಸಿ, ಒಪ್ಪಿತು.

ತಿರುಪಿನ ತಲೆಗಳ ಮೇಲೆ ಮರದ ಬಿಲ್ಲೆ,
ಎಳೆಗೆ ಎಳೆ ಹೊಂದಿಸಿ, ಒಟ್ಟು ಐವತ್ತೆರಡು.
"ಯಾರು ನೋಡ್ತಾರೆ ಆಚಾರ್ರೇ?"
"ಕೂರಿಸು ಮಾರಾಯ" ಅಂದೆ.
ಒಂದನ್ನು ಮುನೀರ ಅಡ್ಡ ಕೂರಿಸಿದ್ದ.
ಎಣ್ಣೆ ಹಚ್ಚಿದಾಗ ಅದೊಂದೇ ಕಪ್ಪಗೆ ಎದ್ದು ಕಂಡಿತು.
ಉಳಿ ತೆಗೆದೆ, ಒಳಗಿಟ್ಟೆ.

ದೋಣಿ ನೀರಿಗಿಳಿದ ಬೆಳಿಗ್ಗೆ
ಗಾಳಿ ಒಮ್ಮೆಲೇ ವಾಲಿಸಿದಾಗ
ಟೀಚರ ಕೈ ಗಪ್ಪನೆ ಹಿಡಿದದ್ದು
ಆ ಕಪ್ಪು ಬಿಲ್ಲೆಯಿದ್ದ ಕಡೆಯೇ.
ಮುನೀರ ನನ್ನತ್ತ ನೋಡಲಿಲ್ಲ.
ಬೀಡಿ ಹಚ್ಚಿದ.